ಗೌಜಲಕ್ಕಿ ಗರಿಯೇ ಬೇಕಾ? ಮೀನಿನ ‘ನೊಣ’ ಕಟ್ಟುವ ಮುನ್ನ ತಿಳಿದಿರಬೇಕಾದ ಸಂಗತಿ

ಮೊಬೈಲ್‌ನಲ್ಲಿ ಮೀನು ಹಿಡಿಯುವ ವಿಡಿಯೊ ಒಂದನ್ನು ನೋಡಿದರೆ ಸಾಕು, ಅದರ ಬೆನ್ನಿಗೇ ಇನ್ನೂ ಹತ್ತು ಬರುತ್ತವೆ. ಅವುಗಳಲ್ಲಿ ಒಂದು ಬಗೆ ನಮ್ಮ ಕಡೆಯವರಿಗೆ ಹೊಸದು. ಒಬ್ಬರು ಮೇಜಿನ ಮುಂದೆ ಕೂತು, ಕಿರುಬೆರಳಿನ ಉಗುರಿನಷ್ಟು ಗಾಳಕ್ಕೆ ರೇಷ್ಮೆ ದಾರ ಸುತ್ತಿ, ತುದಿಯಲ್ಲಿ ಚುಕ್ಕೆ ಚುಕ್ಕೆಯ ಗರಿಯೊಂದನ್ನು ಎರಡು ಸುತ್ತು ಹಾಕಿ, ಐದು ನಿಮಿಷದಲ್ಲಿ ಒಂದು ಹುಳು ಮಾಡಿಬಿಡುತ್ತಾರೆ. ಎರೆಹುಳು ಬೇಡ, ಹಿಟ್ಟಿನ ಉಂಡೆ ಬೇಡ. ಈ ಸುಳ್ಳು ಹುಳುವಿಗೇ ಮೀನು ಬಾಯಿ ಹಾಕುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಸಾಫ್ಟ್ ಹ್ಯಾಕಲ್ ಫ್ಲೈ’ ಎನ್ನುತ್ತಾರೆ. ನಾವು ಇಲ್ಲಿ ‘ಮೃದುಗರಿ ನೊಣ’ ಎಂದು ಕರೆಯೋಣ.

ವಿಡಿಯೊದ ಕೆಳಗೆ ಬೇಕಾದ ಸಾಮಾನಿನ ಪಟ್ಟಿ ಇರುತ್ತದೆ: ಗಾಳ, ಕಿತ್ತಳೆ ಬಣ್ಣದ ರೇಷ್ಮೆ, ‘ಪಾರ್ಟ್ರಿಡ್ಜ್’ ಗರಿ. ನಿಘಂಟು ತೆರೆದರೆ ಪಾರ್ಟ್ರಿಡ್ಜ್ ಎಂದರೆ ಕೌಜುಗ. ನಮ್ಮ ಕಡೆಯ ಮಾತಿನಲ್ಲಿ ಗೌಜಲಕ್ಕಿ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಹೊಲದ ಬದುಗಳಲ್ಲಿ ಬೆಳಗಾದರೆ ಕೂಗುವ ಅದೇ ಹಕ್ಕಿ. ‘ಓ, ಇದು ನಮ್ಮೂರಲ್ಲೇ ಸಿಗುತ್ತಲ್ಲ’ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಅಪಾಯ ಇರುವುದೂ ಅಲ್ಲೇ.

ಮೊದಲೇ ಹೇಳಿಬಿಡುತ್ತೇವೆ. ಗೌಜಲಕ್ಕಿಯನ್ನು ಹಿಡಿಯುವುದು, ಕೊಲ್ಲುವುದು ಅಪರಾಧ. ಜೈಲು ಶಿಕ್ಷೆಯೂ ಆಗಬಹುದು. ಮೃದುಗರಿ ನೊಣಕ್ಕೆ ಆ ಗರಿ ಬೇಕೇ ಬೇಕು ಎನ್ನುವುದೂ ನಿಜವಲ್ಲ. ಮನೆಯ ಹಿತ್ತಲಿನ ಜವಾರಿ ಹೇಂಟೆಯ ಕತ್ತಿನ ಗರಿ ಸಾಕು. ಯಾಕೆ ಸಾಕು, ಹೇಗೆ ಕಟ್ಟಬೇಕು, ಕಟ್ಟಿದ್ದನ್ನು ಮುನಿರಾಬಾದ್ ಕಡೆಯ ನೀರಿನಲ್ಲಿ ಬಳಸುವವರು ಏನು ನೋಡಿಕೊಳ್ಳಬೇಕು ಎಂಬುದನ್ನು ಕೆಳಗೆ ಹೇಳಿದ್ದೇವೆ.

ಇದು ನೊಣವೂ ಅಲ್ಲ, ಹೊಸದೂ ಅಲ್ಲ

ನದಿಯ ಕಲ್ಲುಗಳ ಕೆಳಗೆ ಎಷ್ಟೋ ಬಗೆಯ ಹುಳುಗಳು ಬೆಳೆಯುತ್ತವೆ. ಮೇಫ್ಲೈ, ಕ್ಯಾಡಿಸ್ ಎಂಬ ಕೀಟಗಳ ಮರಿಗಳು ತಿಂಗಳುಗಟ್ಟಲೆ ನೀರಿನಡಿ ಇದ್ದು, ರೆಕ್ಕೆ ಬರುವ ಹೊತ್ತಿಗೆ ಮೇಲಕ್ಕೆ ಈಜುತ್ತವೆ. ಮಳೆಗಾಲದ ಸಂಜೆ ನದಿ ದಡದ ಊರುಗಳ ಬೀದಿದೀಪದ ಕೆಳಗೆ ರಾಶಿ ಬೀಳುವ ಹುಳುಗಳಲ್ಲಿ ಇವೂ ಇರುತ್ತವೆ. ನೀರಿನ ತಳ ಬಿಟ್ಟು ಮೇಲೆ ಬರುವ ಆ ಸ್ವಲ್ಪ ಹೊತ್ತಿನಲ್ಲಿ ಅವಕ್ಕೆ ಅಡಗಲು ಜಾಗವಿಲ್ಲ, ಹಾರಲು ರೆಕ್ಕೆ ಇನ್ನೂ ಒಣಗಿಲ್ಲ. ಕಾಲು ಬಡಿಯುತ್ತಾ ತೇಲುತ್ತವೆ. ಮೀನಿಗೆ ಇದು ಹಬ್ಬದೂಟ. ಮೃದುಗರಿ ನೊಣ ನಟಿಸುವುದು ಈ ಹೊತ್ತಿನ ಹುಳುವನ್ನೇ. ಸುತ್ತಿದ ರೇಷ್ಮೆ ಮೈ, ಸುತ್ತಲೂ ಚಾಚಿದ ಗರಿಯ ಎಳೆಗಳು ಕಾಲು ಮತ್ತು ಅರ್ಧ ಬಿಚ್ಚಿದ ರೆಕ್ಕೆ.

ಗ್ರೀಕ್ ಭಾಷೆಯಲ್ಲಿ ಬರೆದ ಈಲಿಯನ್ ಎಂಬಾತ ಸುಮಾರು 1,800 ವರ್ಷಗಳ ಹಿಂದೆಯೇ ಮ್ಯಾಸಿಡೋನಿಯಾದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಅದಕ್ಕೆ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ವಿವರಿಸಿದ್ದಾನೆ. ಆ ಗರಿ ಯಾವ ಹಕ್ಕಿಯದು ಗೊತ್ತೇ? ಹುಂಜದ್ದು. ಅಂದರೆ ಈ ವಿದ್ಯೆಯ ಅತಿ ಹಳೆಯ ದಾಖಲೆಗಳಲ್ಲೊಂದರಲ್ಲೇ ಸಾಕು ಕೋಳಿಯ ಗರಿ ಇದೆ.

ಈಗ ನಾವು ನೋಡುವ ತೆಳ್ಳನೆಯ ಮೃದುಗರಿ ನೊಣಗಳು ಬಂದದ್ದು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಉತ್ತರ ಭಾಗದ ಹೊಳೆಗಳಿಂದ. ಡಬ್ಲ್ಯು. ಸಿ. ಸ್ಟೀವರ್ಟ್ 1857ರಲ್ಲಿ, ಟಿ. ಇ. ಪ್ರಿಟ್ 1885ರಲ್ಲಿ ಇವುಗಳ ಬಗ್ಗೆ ಪುಸ್ತಕ ಬರೆದರು. ಅಮೆರಿಕದ ಸಿಲ್ವೆಸ್ಟರ್ ನೀಮ್ಸ್ 1975ರಲ್ಲಿ ಒಂದು ಪುಸ್ತಕ ತಂದ ಮೇಲೆ ‘ಸಾಫ್ಟ್ ಹ್ಯಾಕಲ್’ ಎಂಬ ಹೆಸರು ಎಲ್ಲೆಡೆ ಹಬ್ಬಿತು.

ಕರ್ನಾಟಕಕ್ಕೂ ಇದರ ನಂಟು ಹಳೆಯದು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಭಾರತದ ನದಿಗಳಲ್ಲಿ ಗಾಳ ಹಾಕುವ ಬಗ್ಗೆ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಆ ಪುಸ್ತಕದ ನಾಯಕ ಟ್ರೌಟ್ ಅಲ್ಲ, ನಮ್ಮ ಮಹಶೀರ್.

ತುಂಗಭದ್ರೆಯಲ್ಲಿ ಟ್ರೌಟ್ ಇದೆಯೇ?

ಇಲ್ಲ. ಬಿಟ್ಟರೂ ಬದುಕುವುದಿಲ್ಲ. ‘ಡ್ಯಾಮಿನಲ್ಲಿ ಟ್ರೌಟ್ ಸಿಕ್ಕಿತು’ ಎಂಬ ಫೋಟೊ ಬಂದರೆ ಮುಂದೆ ಕಳಿಸುವ ಮುನ್ನ ಒಂದು ಸಲ ಯೋಚಿಸಿ.

ಟ್ರೌಟ್ ತಣ್ಣೀರಿನ ಮೀನು. ಕಾಮನಬಿಲ್ಲು ಟ್ರೌಟ್‌ಗೆ ಹಿತವಾದ ನೀರು ಸುಮಾರು 10ರಿಂದ 18 ಡಿಗ್ರಿ ಸೆಲ್ಸಿಯಸ್. 25 ಡಿಗ್ರಿಯ ಹತ್ತಿರ ಬಂದರೆ ಅದಕ್ಕೆ ಪ್ರಾಣಸಂಕಟ. ಬರೀ ಶಾಖದ ಮಾತಲ್ಲ ಇದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯದು ಏಳೂವರೆ ಮಿಲಿಗ್ರಾಂ ಮಾತ್ರ. ಮೀನಿನ ಮೈಗೆ ಹೆಚ್ಚು ಉಸಿರು ಬೇಕಾದ ಹೊತ್ತಿಗೇ ನೀರಿನಲ್ಲಿ ಉಸಿರು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲು ಕಾಣುವ ನಮ್ಮ ಸೀಮೆಯ ನೀರಿನಲ್ಲಿ ಟ್ರೌಟ್ ಹೇಗೆ ಬದುಕೀತು?

ಭಾರತದಲ್ಲಿ ಟ್ರೌಟ್ ಇರುವುದು ಕಾಶ್ಮೀರ, ಹಿಮಾಚಲದಂಥ ಕಡೆ, ದಕ್ಷಿಣದಲ್ಲಿ ನೀಲಗಿರಿ ಮತ್ತು ಮುನ್ನಾರಿನ ಎತ್ತರದ ತೊರೆಗಳಲ್ಲಿ. ಅವೂ ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದವು. ನೀಲಗಿರಿಗೆ ಟ್ರೌಟ್ ತರಲು ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ಮಾಡಿದ ಪ್ರಯತ್ನ ಫಲಿಸಲಿಲ್ಲ. ಅದು ಕೈಗೂಡಿದ್ದು 20ನೇ ಶತಮಾನದ ಆರಂಭದಲ್ಲಿ ಎಚ್. ಸಿ. ವಿಲ್ಸನ್ ಅವರ ಕಾಲಕ್ಕೆ.

ಹಾಗಾದರೆ ಈ ನೊಣ ನಮಗೆ ಯಾತಕ್ಕೆ? ನೀರಿನ ಹುಳು ತಿನ್ನುವ ಮೀನು ಟ್ರೌಟ್ ಒಂದೇ ಅಲ್ಲ. ಹರಿಯುವ ನೀರಿನಲ್ಲಿ ಮೇಲ್ಮೈ ಹತ್ತಿರ ಓಡಾಡುವ ಬೆಳ್ಳಿಮೈಯ ಸಣ್ಣ ಮೀನುಗಳು, ಪಕ್ಕೆ ಎಂದು ನಾವು ಕರೆಯುವ ಚಿಕ್ಕ ಜಾತಿಗಳು, ಮಹಶೀರ್ ಮರಿಗಳು, ಕೆರೆಗಳಲ್ಲಿ ತಿಲಾಪಿಯಾ, ಇವೆಲ್ಲ ಸಣ್ಣ ನೊಣಕ್ಕೆ ಬಾಯಿ ಹಾಕುತ್ತವೆ. ಕಾಟ್ಲಾ ಹಿಡಿಯುವ ಆಸೆಯಿದ್ದರೆ ಮಾತ್ರ ಇದನ್ನು ಬಿಡಿ. ಅದು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಮೀನು.

ಒಂದು ಹೆಸರು, ಎರಡು ಹಕ್ಕಿ

ಇಂಗ್ಲಿಷ್ ಪಟ್ಟಿಯ ‘ಪಾರ್ಟ್ರಿಡ್ಜ್’ ಎಂದರೆ ಯೂರೋಪಿನ ಬೂದು ಪಾರ್ಟ್ರಿಡ್ಜ್. ವೈಜ್ಞಾನಿಕ ಹೆಸರು ಪರ್ಡಿಕ್ಸ್ ಪರ್ಡಿಕ್ಸ್. ನಮ್ಮ ಹೊಲದ ಗೌಜಲಕ್ಕಿ ಬೇರೆಯೇ ಜಾತಿ. ಇದಕ್ಕೆ ಇಂಗ್ಲಿಷಿನಲ್ಲಿ ಈಗ ಗ್ರೇ ಫ್ರಾಂಕೊಲಿನ್ ಎನ್ನುತ್ತಾರೆ, ಆದರೆ ಹಳೆಯ ಪುಸ್ತಕಗಳಲ್ಲಿ ಇದೂ ‘ಗ್ರೇ ಪಾರ್ಟ್ರಿಡ್ಜ್’ ಎಂದೇ ಇದೆ. ಬ್ರಿಟಿಷರು ತಮ್ಮೂರಿನ ಹಕ್ಕಿಯನ್ನು ಹೋಲುವ ಹಕ್ಕಿ ಕಂಡಲ್ಲೆಲ್ಲ ತಮ್ಮೂರಿನ ಹೆಸರನ್ನೇ ಇಟ್ಟರು. ಅದರ ಫಲ ನಾವು ಇವತ್ತು ಉಣ್ಣುತ್ತಿದ್ದೇವೆ.

ಬ್ರಿಟನ್ನಿನಲ್ಲಿ ಬೂದು ಪಾರ್ಟ್ರಿಡ್ಜ್‌ನ ಬೇಟೆಗೆ ಕಾನೂನಿನ ಪ್ರಕಾರವೇ ನಿಗದಿತ ಕಾಲ ಇದೆ. ಹೀಗೆ ಬೇಟೆಯಾಡಿದ ಹಕ್ಕಿಯ ಗರಿ ಅಲ್ಲಿನ ಅಂಗಡಿಗಳಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ. ಹಾಗಾಗಿ ಅಲ್ಲಿನವರು ವಿಡಿಯೊದಲ್ಲಿ ಯಾವ ಅಳುಕೂ ಇಲ್ಲದೆ ಅದನ್ನು ತೋರಿಸುತ್ತಾರೆ. ಅವರ ಪಾಲಿಗೆ ಅದರಲ್ಲಿ ತಪ್ಪಿಲ್ಲ. ಆದರೆ ಅದೇ ಪಟ್ಟಿಯನ್ನು ಕನ್ನಡಕ್ಕೆ ಅನುವಾದಿಸಿ, ಗೌಜಲಕ್ಕಿ ಎಂದು ಬರೆದು ವಾಟ್ಸ್ಆ್ಯಪ್‌ನಲ್ಲಿ ಹಂಚಿದರೆ, ಓದಿದವರಿಗೆ ಅಪರಾಧದ ದಾರಿ ತೋರಿಸಿದಂತೆ.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಇರುವ ಯಾವುದೇ ಪ್ರಾಣಿ, ಪಕ್ಷಿಯ ಬೇಟೆ ನಿಷಿದ್ಧ. ಗೌಜಲಕ್ಕಿ ಅದರಲ್ಲಿ ಇದೆ. ಮೊಲವೂ ಇದೆ. ಮೊಲದ ಮಾತು ಯಾಕೆಂದರೆ, ನೊಣದ ಮೈಗೆ ‘ಹೇರ್ಸ್ ಇಯರ್’ ಎಂಬ ಸಾಮಾನು ಹೇಳುತ್ತಾರೆ; ಅದು ಕಾಡು ಮೊಲದ ಮುಖ ಮತ್ತು ಕಿವಿಯ ಕೂದಲು. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲನೇ ಪಟ್ಟಿಯ ಜೀವಿಯಾದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ನವಿಲು ಮೊದಲನೇ ಪಟ್ಟಿಯಲ್ಲಿದೆ.

‘ನಾನು ಕೊಂದಿಲ್ಲ, ಬಿದ್ದ ಗರಿ ಎತ್ತಿಕೊಂಡೆ’ ಎಂದರೆ? ಅಲ್ಲಿಯೂ ಸ್ವಲ್ಪ ಎಚ್ಚರ ಬೇಕು. ಕಾಯ್ದೆ ‘ಟ್ರೋಫಿ’ ಎಂದು ಕರೆಯುವ ವಸ್ತುಗಳಲ್ಲಿ ಕೊಂಬು, ಉಗುರು, ಕೂದಲಿನ ಜೊತೆ ಗರಿಯೂ ಸೇರಿದೆ. ಸರ್ಕಾರದ ಆಸ್ತಿ ಎನಿಸಿದ ಇಂಥ ವಸ್ತು ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ತಿಳಿಸಬೇಕು ಎಂಬ ನಿಯಮ ಇದೆ. ಹೊಲದಲ್ಲಿ ಬಿದ್ದ ಒಂದು ಗರಿಗಾಗಿ ಯಾರೂ ನಿಮ್ಮ ಬಾಗಿಲು ತಟ್ಟುವುದಿಲ್ಲ ಎನ್ನಬಹುದು. ಆದರೆ ಒಂದು ಡಬ್ಬಿ ತುಂಬ ಗರಿ ಇಟ್ಟುಕೊಂಡು, ಫೋಟೊ ತೆಗೆದು ‘ಮಾರಾಟಕ್ಕಿದೆ’ ಎಂದು ಹಾಕಿದರೆ ಮಾತು ಬೇರೆಯೇ ಆಗುತ್ತದೆ.

ನವಿಲುಗರಿಗೆ ಒಂದು ವಿನಾಯಿತಿ ಇದೆ. ನವಿಲಿನ ಬಾಲದ ಗರಿಯನ್ನು ಕಾಯ್ದೆ ದೇಶದೊಳಗಿನ ವ್ಯವಹಾರದ ನಿರ್ಬಂಧದಿಂದ ಹೊರಗಿಟ್ಟಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ನವಿಲು ತಾನಾಗಿ ಉದ್ದ ಗರಿಗಳನ್ನು ಉದುರಿಸುತ್ತದೆ ಎಂಬುದು ಇದರ ಹಿಂದಿನ ತರ್ಕ. ಆದರೆ ಹೊರದೇಶಕ್ಕೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಗೆಳೆಯ ಕೇಳಿದ ಎಂದು ಒಂದು ಕಟ್ಟು ಪಾರ್ಸೆಲ್ ಮಾಡಿದರೂ ಸಿಕ್ಕಿಬೀಳಬಹುದು.

ಇನ್ನೊಂದು ಹೆಸರು ಬರುತ್ತದೆ, ‘ಜಂಗಲ್ ಕಾಕ್’. ಇದು ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿ. ಹುಂಜದ ಕತ್ತಿನ ಗರಿಯ ತುದಿಯಲ್ಲಿ ಮೇಣ ಹಚ್ಚಿದಂಥ ಹೊಳೆಯುವ ಚುಕ್ಕೆಗಳಿರುತ್ತವೆ. ಸಾಲ್ಮನ್ ಮೀನಿನ ಅಲಂಕಾರದ ನೊಣ ಕಟ್ಟುವವರಿಗೆ ಇದೆಂದರೆ ಪ್ರಾಣ. ಒಂದು ಕಾಲದಲ್ಲಿ ಇದರ ಚರ್ಮ ಭಾರತದಿಂದ ಹೋಗುತ್ತಿತ್ತು. ಈಗ ಅದಕ್ಕೆ ಅವಕಾಶವಿಲ್ಲ. ಅಲ್ಲಿನವರು ತಾವೇ ಸಾಕಿದ ಹಕ್ಕಿಗಳಿಂದ ಗರಿ ಪಡೆಯುತ್ತಾರೆ. ಗರಿಯ ಹುಚ್ಚು ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಒಂದು ಉದಾಹರಣೆ: 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಸಂಗೀತ ಕಲಿಯುತ್ತಿದ್ದ ಯುವಕನೊಬ್ಬ ರಾತ್ರಿ ನುಗ್ಗಿ 299 ಹಕ್ಕಿಗಳ ಒಣಚರ್ಮ ಕದ್ದ. ಸಾಲ್ಮನ್ ನೊಣ ಕಟ್ಟುವವರಿಗೆ ಗರಿ ಮಾರುವುದೂ ಅವನ ಉದ್ದೇಶವಾಗಿತ್ತು.

ಜವಾರಿ ಹೇಂಟೆಯೇ ಯಾಕೆ?

ಗರಿಯೊಂದನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ದಂಟು. ಅದರಿಂದ ಎರಡೂ ಕಡೆ ಹೊರಟ ಎಳೆಗಳು. ಪ್ರತಿ ಎಳೆಯಿಂದಲೂ ಇನ್ನೂ ಸಣ್ಣ ಎಳೆಗಳು ಹೊರಟಿರುತ್ತವೆ, ಭೂತಗನ್ನಡಿಯಲ್ಲಿ ಕಾಣುತ್ತವೆ. ಹುಂಜದ ಕತ್ತಿನ ಉದ್ದ ಗರಿಯಲ್ಲಿ ಅಂಚಿನ ಕಡೆಗೆ ಈ ಸಣ್ಣ ಎಳೆಗಳು ಇಲ್ಲವೇ ಇಲ್ಲ ಎನ್ನಬಹುದು. ಹಾಗಾಗಿ ಅದು ಬಿರುಸು, ಹೊಳಪು, ನೀರು ಹೀರುವುದಿಲ್ಲ. ನೀರಿನ ಮೇಲೆ ತೇಲುವ ನೊಣಕ್ಕೆ ಅದು ಸರಿ. ಹೇಂಟೆಯ ಗರಿಯಲ್ಲಿ ಸಣ್ಣ ಎಳೆಗಳು ದಟ್ಟವಾಗಿರುತ್ತವೆ. ನೀರು ಹೀರುತ್ತದೆ, ಮುಳುಗುತ್ತದೆ, ಸಣ್ಣ ಸೆಳವಿಗೂ ಬಾಗುತ್ತದೆ.

ಮೃದುಗರಿ ನೊಣದ ಗುಟ್ಟೆಲ್ಲ ಈ ಬಾಗುವುದರಲ್ಲಿದೆ. ನೀರು ಎಳೆದಾಗ ಎಳೆಗಳು ಮೈಗೆ ಅಂಟುತ್ತವೆ, ಸೆಳವು ಕಡಿಮೆಯಾದಾಗ ಮತ್ತೆ ಅರಳುತ್ತವೆ. ಮೀನಿಗೆ ಅದು ಒದ್ದಾಡುವ ಹುಳು. ಗರಿ ಯಾವ ಹಕ್ಕಿಯದು, ಎಷ್ಟು ದುಬಾರಿಯದು ಎಂಬುದು ಮೀನಿಗೆ ಗೊತ್ತಾಗುವುದಿಲ್ಲ. ಯೂರೋಪಿನ ಪಾರ್ಟ್ರಿಡ್ಜ್ ಗರಿ ಹೆಸರು ಮಾಡಿದ್ದಕ್ಕೆ ಕಾರಣ ಅದರ ಮೃದುತನ ಮತ್ತು ಹುಳುವಿನ ಕಾಲನ್ನು ಹೋಲುವ ಪಟ್ಟೆ. ಎರಡೂ ಗುಣ ನಮ್ಮ ಕಂದು ಬಣ್ಣದ ಜವಾರಿ ಹೇಂಟೆಯಲ್ಲಿ ಸಿಗುತ್ತವೆ. ಫಾರಂ ಕೋಳಿಯ ಬಿಳಿ ಗರಿಯೂ ಮೃದುವೇ, ಆದರೆ ಚುಕ್ಕೆ, ಪಟ್ಟೆ ಇರುವುದಿಲ್ಲ. ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿದರೆ ಕಂದು ಛಾಯೆ ಬರುತ್ತದೆ.

ಇಲ್ಲೊಂದು ಮೋಜಿನ ಸಂಗತಿ. ಸಾಕು ಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಎಷ್ಟೋ ಕೋಳಿಗಳ ಹಳದಿ ಕಾಲು ಮತ್ತು ಚರ್ಮಕ್ಕೆ ಕಾರಣವಾದ ವಂಶವಾಹಿ ಬಂದಿದ್ದು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಎಂದು 2008ರ ಒಂದು ಅಧ್ಯಯನ ತೋರಿಸಿತು. ‘ಜಂಗಲ್ ಕಾಕ್’ ಬೇಕೆನ್ನುವವರ ಹಿತ್ತಲಲ್ಲಿ ಅದರ ಒಂದು ಅಂಶ ಆಗಲೇ ಓಡಾಡುತ್ತಿದೆ.

ಏನೇನು ಬೇಕು?

ಗರಿ: ಹೇಂಟೆಯ ಕತ್ತು, ಹೆಗಲು, ಬೆನ್ನಿನ ಸಣ್ಣ ಗರಿಗಳು. ರೆಕ್ಕೆಯ ದೊಡ್ಡ ಗರಿ ಬೇಡ. ಎಳೆಯ ಉದ್ದ ಗಾಳದ ತಲೆಯಿಂದ ಬಾಗಿನವರೆಗೆ ಬಂದರೆ ಸಾಕು. ಹರಿತವಾದ ಚುಕ್ಕೆ ಬೇಕೆಂದರೆ ಸಾಕಿದ ಗಿನಿ ಕೋಳಿಯ ಗರಿ ಇದೆ, ಸ್ವಲ್ಪ ಬಿರುಸು. ಸಾಕಿದ ಜಪಾನಿ ಲಾವಕ್ಕಿಯ ಗರಿ ತೀರಾ ಸಣ್ಣ ಗಾಳಕ್ಕೆ ಚೆನ್ನ. ಆದರೆ ಹೊಲದಲ್ಲಿ ಹಾರುವ ಕಾಡು ಲಾವಕ್ಕಿ ಮತ್ತೆ ಕಾನೂನಿನ ರಕ್ಷಣೆಯಲ್ಲಿರುವ ಹಕ್ಕಿ, ಅದನ್ನು ಮುಟ್ಟಬೇಡಿ.

ಗರಿಯನ್ನು ಆರೋಗ್ಯವಾಗಿರುವ ಕೋಳಿಯಿಂದಲೇ ತೆಗೆದುಕೊಳ್ಳಿ. ತಾನಾಗಿ ಸತ್ತ ಕೋಳಿಯ ಗರಿ ಬೇಡವೇ ಬೇಡ. 2025ರ ಆರಂಭದಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಸೋಂಕಿತ ಹಕ್ಕಿಯ ಗರಿಯಲ್ಲೂ ವೈರಸ್ ಇರಬಹುದು. ತಂದ ಗರಿಯನ್ನು ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಗಾಳಿಯಾಡದ ಚೀಲದಲ್ಲಿ ಹಾಕಿ ಕೆಲವು ದಿನ ಫ್ರೀಜರ್‌ನಲ್ಲಿಡಿ, ಹೊರಗೆ ತೆಗೆದು ಒಂದು ದಿನ ಬಿಟ್ಟು ಮತ್ತೆ ಇಡಿ. ಗರಿ ತಿನ್ನುವ ಹುಳು, ಹೇನು ಸಾಯುತ್ತವೆ. ಆ ಚೀಲದ ಮೇಲೆ ಹೆಸರು ಬರೆಯುವುದು ಒಳ್ಳೆಯದು, ಇಲ್ಲದಿದ್ದರೆ ಮನೆಯಲ್ಲಿ ಜಗಳ ಗ್ಯಾರಂಟಿ.

ದಾರ: ರೇಷ್ಮೆ. ಕೊಪ್ಪಳದವರು ಇದಕ್ಕೆ ದೂರ ಹೋಗಬೇಕಿಲ್ಲ. ಕುಷ್ಟಗಿಯ ಪಕ್ಕದಲ್ಲೇ ಇಳಕಲ್ ಇದೆ, ಕುಷ್ಟಗಿ ತಾಲ್ಲೂಕಿನ ಕೆಲವು ಊರುಗಳಲ್ಲೂ ಮಗ್ಗಗಳಿವೆ. ನೇಕಾರರ ಬಳಿ ಉಳಿದ ತುಂಡು ರೇಷ್ಮೆಯೇ ನಮಗೆ ನೂರು ನೊಣಕ್ಕೆ ಆಗುತ್ತದೆ. ರೇಷ್ಮೆ ಒದ್ದೆಯಾದಾಗ ಅರೆಪಾರದರ್ಶಕವಾಗಿ ಒಳಗಿನ ಗಾಳದ ಕಪ್ಪು ಕಾಣುತ್ತದೆ, ಬಣ್ಣ ಒಂದು ಮಟ್ಟ ಗಾಢವಾಗುತ್ತದೆ. ಹಾಗಾಗಿ ಒಣಗಿದ್ದಾಗ ಕಣ್ಣಿಗೆ ಹೊಡೆಯುವ ಕಿತ್ತಳೆ, ನೀರಿನಲ್ಲಿ ಕಂದುಗೆಂಪು. ಬಣ್ಣ ಆರಿಸುವ ಮುನ್ನ ಒಂದು ಎಳೆಯನ್ನು ಒದ್ದೆ ಮಾಡಿ ನೋಡಿ. ಪಾಲಿಯೆಸ್ಟರ್ ದಾರದಿಂದಲೂ ನೊಣ ಆಗುತ್ತದೆ, ಆದರೆ ಈ ಬಣ್ಣದ ಆಟ ಅಷ್ಟಾಗಿ ಇರುವುದಿಲ್ಲ.

ಉಣ್ಣೆ: ಗರಿಯ ಹಿಂದೆ ಒಂದಿಷ್ಟು ಉಬ್ಬು ಬೇಕೆನಿಸಿದರೆ ಕುರಿ ಉಣ್ಣೆ. ನಮ್ಮ ಕಂಬಳಿಯ ಕರಿ ಉಣ್ಣೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲು ತೊಳೆಯಿರಿ, ಯಾಕೆಂದರೆ ತೊಳೆಯದ ಉಣ್ಣೆಯ ಜಿಡ್ಡು ನೀರನ್ನು ದೂರ ತಳ್ಳುತ್ತದೆ. ಕಾಡು ಮೊಲದ ಕೂದಲಿನ ಬದಲು ಸಾಕಿದ ಮೊಲದ್ದು, ಮೇಕೆಯ ಒಳಗೂದಲು, ಬಾಚಿದಾಗ ಬರುವ ನಾಯಿಯ ಕೂದಲು, ಯಾವುದೂ ಆದೀತು.

ನವಿಲುಗರಿ: ಉದುರಿದ ಗರಿಯ ಒಂದೆರಡು ಎಳೆ ಸುತ್ತಿದರೆ ಹಸಿರು ಹೊಳಪಿನ ಮೈ ಬರುತ್ತದೆ. ಆ ಹಸಿರು ಬಣ್ಣದ ಪುಡಿಯಿಂದ ಬಂದದ್ದಲ್ಲ. ಎಳೆಯೊಳಗೆ ಮೆಲನಿನ್ನಿನ ಅತಿಸೂಕ್ಷ್ಮ ಕಡ್ಡಿಗಳು ಜಾಲರಿಯಂತೆ ಜೋಡಿಸಿಕೊಂಡು ಬೆಳಕನ್ನು ಆರಿಸಿ ಹಿಂದಿರುಗಿಸುವುದರಿಂದ ಬಂದದ್ದು. (ಗೋಡೆಗೆ ಸಿಕ್ಕಿಸಿದ ನವಿಲುಗರಿ ಹಲ್ಲಿ ಓಡಿಸುತ್ತದೆ ಎನ್ನುವುದು ಬೇರೆ ಕಥೆ. ಗರಿಯ ಮೇಲೇ ಹಲ್ಲಿ ಕೂತದ್ದನ್ನು ನಾವು ನೋಡಿದ್ದೇವೆ.)

ಗಾಳ: 12 ಅಥವಾ 14ನೇ ನಂಬರ್. ಈ ಲೆಕ್ಕದಲ್ಲಿ ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು. ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಸಣ್ಣ ಮೀನನ್ನು ಗಾಯವಿಲ್ಲದೆ ಬಿಡಬಹುದು. ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ.

ಗಾಳ ಹಿಡಿಯಲು ವೈಸ್ ಎಂಬ ಸಾಧನ ಮಾರುತ್ತಾರೆ. ಕಲಿಯುವವರೆಗೆ ಅದು ಬೇಡ. ಇಕ್ಕಳದಲ್ಲಿ ಗಾಳದ ಬಾಗನ್ನು ಕಚ್ಚಿಸಿ, ಹಿಡಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಸುತ್ತಿ, ಎರಡು ದಪ್ಪ ಪುಸ್ತಕಗಳ ನಡುವೆ ನಿಲ್ಲಿಸಿ.

ಕಟ್ಟುವ ಬಗೆ

ದಾರಕ್ಕೆ ಜೇನುಮೇಣ ಉಜ್ಜಿಕೊಳ್ಳಿ, ಜಾರುವುದಿಲ್ಲ. ಗಾಳದ ಕಣ್ಣಿನಿಂದ ಒಂದು ದಾರದಗಲ ಜಾಗ ಬಿಟ್ಟು ಸುತ್ತಲು ಆರಂಭಿಸಿ. ಆ ಜಾಗ ಬಿಡದೇ ಇರುವುದೇ ಹೊಸಬರು ಮಾಡುವ ಮೊದಲ ತಪ್ಪು. ಕೊನೆಗೆ ಗಂಟು ಹಾಕಲು ಸ್ಥಳವೇ ಇರದೆ ಕಣ್ಣು ಮುಚ್ಚಿಹೋಗುತ್ತದೆ.

ಐದಾರು ಸುತ್ತಾದ ಮೇಲೆ ಗರಿಯನ್ನು ಸಿದ್ಧ ಮಾಡಿ. ಬುಡದ ಹತ್ತಿಯಂಥ ತುಪ್ಪಳವನ್ನೆಲ್ಲ ಕಿತ್ತು ಹಾಕಿ. ತುದಿಯ ಸ್ವಲ್ಪ ಭಾಗವನ್ನು ಎರಡು ಬೆರಳಲ್ಲಿ ಹಿಡಿದು, ಉಳಿದ ಎಳೆಗಳನ್ನು ಬುಡದ ಕಡೆಗೆ ಹಿಂದಕ್ಕೆ ಸವರಿ. ಈಗ ತುದಿ ಒಂದು ಸಣ್ಣ ತ್ರಿಕೋನದಂತೆ ಬೇರೆಯಾಗಿ ನಿಲ್ಲುತ್ತದೆ. ಆ ತುದಿಯನ್ನೇ ಗಾಳಕ್ಕೆ ಒತ್ತಿ ಮೂರು ಸುತ್ತು ಕಟ್ಟಿ. ಬುಡದಿಂದಲ್ಲ, ತುದಿಯಿಂದ. ತುದಿಯ ಕಡೆ ದಂಟು ತೆಳು, ಹಾಗಾಗಿ ಗಂಟು ದಪ್ಪವಾಗುವುದಿಲ್ಲ.

ಗರಿ ಮುಂದಕ್ಕೆ ಚಾಚಿಕೊಂಡಿರಲಿ. ದಾರವನ್ನು ಒಂದಕ್ಕೊಂದು ತಾಗುವಂತೆ ಹಿಂದಕ್ಕೆ ಸುತ್ತುತ್ತಾ ಗಾಳದ ಮೊನೆಯ ನೇರಕ್ಕೆ ಬನ್ನಿ, ಅಲ್ಲಿಂದ ಮತ್ತೆ ಮುಂದಕ್ಕೆ. ಮೈ ಇಷ್ಟೇ. ತೆಳ್ಳಗಿರಬೇಕು. ನೀರಿನ ಹುಳು ತೆಳ್ಳಗಿರುತ್ತದೆ, ನಮ್ಮ ಕೈಯಲ್ಲಿ ಮಾತ್ರ ದುಂಡಗಾಗುತ್ತದೆ. ಉಬ್ಬು ಬೇಕಾದವರು ಗರಿಯ ಹಿಂದೆ ಒಂದು ಚಿಟಿಕೆಯ ಕಾಲುಭಾಗ ಉಣ್ಣೆಯನ್ನು ದಾರಕ್ಕೆ ಹೊಸೆದು ಎರಡು ಸುತ್ತು ಹಾಕಿ.

ಈಗ ಗರಿಯ ಬುಡವನ್ನು ಹಿಡಿದು ಗಾಳಕ್ಕೆ ಸುತ್ತಿ. ಒಂದೂವರೆ ಸುತ್ತು, ಹೆಚ್ಚೆಂದರೆ ಎರಡು. ಪ್ರತಿ ಸುತ್ತಿನಲ್ಲೂ ಎಳೆಗಳನ್ನು ಹಿಂದಕ್ಕೆ ಸವರುತ್ತಾ ಹೋಗಿ. ದಾರದಿಂದ ದಂಟನ್ನು ಬಿಗಿದು ಉಳಿದದ್ದನ್ನು ಕತ್ತರಿಸಿ. ‘ಇನ್ನೂ ಎರಡು ಸುತ್ತು ಹಾಕಿದರೆ ತುಂಬಿಕೊಂಡು ಚೆನ್ನಾಗಿ ಕಾಣುತ್ತೆ’ ಎಂದು ಅನ್ನಿಸಿಯೇ ಅನ್ನಿಸುತ್ತದೆ. ಹಾಕಬೇಡಿ. ಎಳೆ ದಟ್ಟವಾದರೆ ಒಂದಕ್ಕೊಂದು ಒತ್ತಿಕೊಂಡು ಅಲುಗಾಡುವುದೇ ಇಲ್ಲ. ಅಂಗಡಿಯ ಬ್ರಷ್‌ನಂತೆ ಕಾಣುತ್ತದೆ, ಹುಳುವಿನಂತೆ ಅಲ್ಲ. ಸೋತ ನೊಣಗಳಲ್ಲಿ ಬಹುಪಾಲು ಸೋಲುವುದು ಗರಿ ಹೆಚ್ಚಾಗಿ, ಕಡಿಮೆಯಾಗಿ ಅಲ್ಲ.

ಕೊನೆಗೆ ತಲೆಯ ಹತ್ತಿರ ನಾಲ್ಕು ಅರ್ಧಗಂಟು. ಖಾಲಿ ಬಾಲ್‌ಪೆನ್ನಿನ ರೀಫಿಲ್ ಕೊಳವೆಗೆ ದಾರವನ್ನು ಒಂದು ಸುತ್ತು ಹಾಕಿ, ಕೊಳವೆಯ ಬಾಯಿಯನ್ನು ಗಾಳದ ಕಣ್ಣಿಗೆ ಒತ್ತಿ ಜಾರಿಸಿದರೆ ಗಂಟು ತಾನಾಗಿ ಕೂರುತ್ತದೆ. ಮೇಲೆ ಸೂಜಿಮೊನೆಯಷ್ಟು ಬಣ್ಣವಿಲ್ಲದ ನೇಲ್ ಪಾಲಿಶ್. ಗರಿಗೆ ತಾಗಬಾರದು, ತಾಗಿದರೆ ಎಳೆಗಳು ಗಟ್ಟಿಯಾಗುತ್ತವೆ.

ಮುನಿರಾಬಾದ್ ಕಡೆಯವರಿಗೆ ಎರಡು ಮಾತು

ಈ ನೊಣಕ್ಕೆ ಹರಿಯುವ ನೀರು ಬೇಕು. ಅಣೆಕಟ್ಟಿನ ಹಿನ್ನೀರು ನಿಂತ ನೀರು, ಅಲ್ಲಿ ಇದರ ಆಟ ನಡೆಯುವುದು ಕಷ್ಟ. ಹಾಗಾಗಿ ಅಣೆಕಟ್ಟಿನ ಕೆಳಗಿನ ನದಿಯ ಮೇಲೇ ಕಣ್ಣು ಹೋಗುತ್ತದೆ. ಆದರೆ ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದೆ. ನೀರುನಾಯಿಗಾಗಿಯೇ ಇಂಥ ಘೋಷಣೆಯಾದದ್ದು ದೇಶದಲ್ಲಿ ಅದೇ ಮೊದಲು. ಇಲ್ಲಿ ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಗಾಳ ಹಾಕುವ ಮುನ್ನ ಅರಣ್ಯ ಇಲಾಖೆಯನ್ನೂ ಮೀನುಗಾರಿಕೆ ಇಲಾಖೆಯನ್ನೂ ಕೇಳಿ, ಪರವಾನಗಿ ಬೇಕಿದ್ದರೆ ಪಡೆದೇ ಹೋಗಿ. ದಡದಲ್ಲಿ ತುಂಡು ನೈಲಾನ್ ದಾರ ಬಿಟ್ಟು ಬರಬೇಡಿ. ನೀರುನಾಯಿಯ ಕಾಲಿಗೆ, ಹಕ್ಕಿಯ ಕೊಕ್ಕಿಗೆ ಸಿಕ್ಕಿಕೊಂಡರೆ ಬಿಡಿಸುವವರು ಯಾರೂ ಇಲ್ಲ.

ಎರಡನೆಯದು ನೀರಿನ ಮಟ್ಟ. ಅಣೆಕಟ್ಟಿಗೆ 33 ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ನೆನಪಿದೆ. ಅಂಥದ್ದು ಅಪರೂಪ ಎಂದೇ ಇಟ್ಟುಕೊಂಡರೂ, ಮಳೆಗಾಲದಲ್ಲಿ ನೀರು ಬಿಡುವುದು ಪ್ರತಿವರ್ಷದ ಮಾತು. ನಡುಗಡ್ಡೆಯ ಬಂಡೆ ಮೇಲೆ ನಿಂತವರಿಗೆ ದಡಕ್ಕೆ ಬರಲು ಸಮಯ ಸಿಗದೇ ಹೋಗಬಹುದು. ಎಡದಂಡೆ ಕಾಲುವೆಯೂ ಸುರಕ್ಷಿತವಲ್ಲ. ಕಾಂಕ್ರೀಟ್ ಇಳಿಜಾರು, ಪಾಚಿ, ವೇಗದ ನೀರು. ಒಮ್ಮೆ ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ. ಮೊದಲ ಕೆಲವು ತಿಂಗಳು ಊರಿನ ಹಳ್ಳ, ಕೆರೆಯ ಕೋಡಿ ನೀರು ಇವೇ ಸಾಕು.

ದುಬಾರಿ ಫ್ಲೈ ರಾಡ್ ಇಲ್ಲದಿದ್ದರೂ ಚಿಂತೆಯಿಲ್ಲ. ಜಪಾನಿನ ಬೆಟ್ಟದ ಹೊಳೆಗಳಲ್ಲಿ ಉದ್ದ ಕೋಲಿನ ತುದಿಗೆ ದಾರ ಕಟ್ಟಿ, ಅದಕ್ಕೊಂದು ಮೃದುಗರಿ ನೊಣ ಸಿಕ್ಕಿಸಿ ಮೀನು ಹಿಡಿಯುವ ‘ಟೆಂಕಾರಾ’ ಪದ್ಧತಿ ಇದೆ. ರೀಲು ಇರುವುದಿಲ್ಲ. ನಮ್ಮ ಬಿದಿರು ಕೋಲಿನ ಗಾಳದ ಲೆಕ್ಕಾಚಾರವೂ ಅದೇ. ನೊಣವನ್ನು ಹರಿವಿಗೆ ಅಡ್ಡಲಾಗಿ ಹಾಕಿ, ದಾರ ಬಿಗಿಯಾಗಿ ಕೆಳಗಿನ ಕಡೆಗೆ ತಿರುಗಲು ಬಿಡಿ. ತಿರುಗುವುದು ಮುಗಿಯುವಾಗ ನೊಣ ತಾನಾಗಿ ಮೇಲಕ್ಕೆ ಏಳುತ್ತದೆ, ಮೀನು ಹೊಡೆಯುವುದು ಹೆಚ್ಚಾಗಿ ಆಗಲೇ.

ಕಟ್ಟಿದ್ದು ಸರಿಯಾಗಿದೆಯೇ ಎಂದು ನೋಡಲು ನದಿಗೇ ಹೋಗಬೇಕಿಲ್ಲ. ಗಾಜಿನ ಲೋಟದಲ್ಲಿ ನೀರು ತುಂಬಿ, ದಾರಕ್ಕೆ ಕಟ್ಟಿದ ನೊಣವನ್ನು ಇಳಿಬಿಟ್ಟು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಎಳೆಗಳು ಮುಚ್ಚಿ ಬಿಚ್ಚಿ ಮಾಡಿದರೆ ಸರಿ. ಛತ್ರಿಯ ಕಡ್ಡಿಯಂತೆ ಸೆಟೆದು ನಿಂತರೆ ದಾರ ಬಿಚ್ಚಿ, ಅದೇ ಗಾಳಕ್ಕೆ ಇನ್ನೊಂದು ಗರಿ ಹಾಕಿ.